ಹೊಸ ಡೀನ್ ಬಂದ ಮೇಲೆ ಹಾಜರಿ ಜಾಸ್ತಿ, ಕೆಲಸ ಕಡಿಮೆ

ಪ್ರಶ್ನೆ: ಸರ್, ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಆರು ವರ್ಷದಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಹೊಸ ಡೀನ್ ಬಂದಿದ್ದೇ ತಡ, ದಿನಕ್ಕೆ ಎರಡು ಸಲ ಇದ್ದ ಬಯೋಮೆಟ್ರಿಕ್ ಹಾಜರಿ ನಾಲ್ಕು ಸಲ ಆಯ್ತು. ರಾತ್ರಿ ಹತ್ತಕ್ಕೆ ವಾಟ್ಸಾಪ್ ಮೆಸೇಜ್, ಬೆಳಿಗ್ಗೆ ಒಂಬತ್ತಕ್ಕೆ ನ್ಯಾಕ್ (ಕಾಲೇಜು, ವಿವಿಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಫೈಲ್ ಟೇಬಲ್ ಮೇಲಿರಬೇಕು. ಹಿಂದಿನವರು ಏನೂ ಕೇಳುತ್ತಿರಲಿಲ್ಲ, ಆದರೆ ಆಗಲೂ ಕೆಲಸ ಅಷ್ಟಕ್ಕಷ್ಟೇ. ಯಾವುದು ಸರಿ?

ಉತ್ತರ: ಎರಡೂ ಅಲ್ಲ ಮೇಡಂ. ನಾನು ಇಂಥ ಸಂಸ್ಥೆಗಳ ಎಚ್‌ಆರ್ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಪಂಚಿಂಗ್ ಬಿಗಿಯಾದ ಕಡೆಯೆಲ್ಲ ಒಂದೇ ದೃಶ್ಯ: ನಾಲ್ಕು ಇಪ್ಪತ್ತಕ್ಕೇ ಮೇಷ್ಟ್ರುಗಳು ಬ್ಯಾಗ್ ಹೆಗಲಿಗೇರಿಸಿ ಮೆಷಿನ್ ಮುಂದೆ ಕ್ಯೂ, ಯಾರಾದರೂ ವಿದ್ಯಾರ್ಥಿ ಡೌಟ್ ಕೇಳೋಕೆ ಬಂದರೆ "ನಾಳೆ ಬಾಪ್ಪ". ಮೊದಲು ಐದೂವರೆವರೆಗೂ ಲ್ಯಾಬ್‌ನಲ್ಲಿ ಇರುತ್ತಿದ್ದವರೇ ಅವರು!

ಇದು ಹಳೇ ಕಥೆ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಮೂರು ಬಗೆಯ ನಾಯಕರನ್ನಿಟ್ಟು ಹತ್ತು ವರ್ಷದ ಹುಡುಗರ ಕೈಲಿ ಮುಖವಾಡ ಮಾಡಿಸಿ ನೋಡಿದ್ದರು, 1939ರಲ್ಲಿ ಅದು ಪ್ರಕಟವಾಯಿತು. ಜಬರ್ದಸ್ತಿ ಮಾಡುವ ನಾಯಕ ಎದುರಿಗಿದ್ದಾಗ ಕೆಲಸ ಜೋರು, ಅವನು ಹೊರಗೆ ಹೋದ ಕೂಡಲೇ ಕುಸಿತ. ಕೇಳಿ ಮಾಡಿಸುವವನ ಗುಂಪು ಅವನಿಲ್ಲದಾಗಲೂ ಮಾಡುತ್ತಿತ್ತು. ಸುಮ್ನೆ ಬಿಟ್ಟುಬಿಟ್ಟವನ ಗುಂಪಿನಲ್ಲಿ ಕೆಲಸವೇ ಕಡಿಮೆ. ನಿಮ್ಮ ಹಳೇ ಡೀನ್ ಈ ಮೂರನೆಯವರು, ಅಲ್ವಾ?

ಹೊಸಬರನ್ನೇ ಪೂರ್ತಿ ಬೈಯಬೇಡಿ. ಸರ್ಕಾರಿ ವಿವಿ ಹಾಗಲ್ಲ ಇದು, ಸಂಬಳ ಬರೋದು ಫೀಸಿನಿಂದ, ಸೀಟು ತುಂಬದಿದ್ದರೆ ಅವರ ಕುರ್ಚಿಯೇ ಅಲ್ಲಾಡುತ್ತೆ. ಆ ಭಯ ಮೆಟ್ಟಿಲಿಳಿದು ನಿಮ್ಮ ಫೋನಿಗೆ ಬರುತ್ತಿದೆ. ತಮಾಷೆ ಅಂದ್ರೆ, ನ್ಯಾಕ್ ಫೈಲಿನಲ್ಲಿ ನಾಯಕತ್ವದ ಬಗ್ಗೆಯೂ ಬರೆಯಬೇಕು. "ಎಲ್ಲರನ್ನೂ ಕೇಳಿ ತೀರ್ಮಾನ" ಅಂತ ಅದರಲ್ಲಿ ಟೈಪ್ ಮಾಡುವವರು ಯಾರೂ ಏನೂ ಕೇಳದ ನೀವೇ.

ಮರುಪ್ರಶ್ನೆ: ನಿಜ ಸರ್. ಈಗ ನಾನೇನು ಮಾಡಲಿ, ಬಿಟ್ಟುಬಿಡಲಾ?

ಉತ್ತರ: ಮೊದಲು ಒಂದು ಹಾಳೆ ತಗೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ನಿಮ್ಮ ಹುದ್ದೆಗೆ ವಾರಕ್ಕೆ 16 ಗಂಟೆ ನೇರ ಪಾಠ. ನೀವು ಎಷ್ಟು ಮಾಡುತ್ತಿದ್ದೀರಿ, ಅಡ್ಮಿಷನ್ ಫೋನ್ ಕಾಲ್‌ಗೆ ಎಷ್ಟು, ಫೈಲಿಗೆ ಎಷ್ಟು, ಎಲ್ಲಾ ಬರೆಯಿರಿ. ಅದನ್ನು ಎಚ್‌ಒಡಿಗೆ, ಅಂದರೆ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಕೊಟ್ಟು "ಇದರಲ್ಲಿ ಯಾವುದನ್ನು ಬಿಡಲಿ ಸರ್" ಅಂತಷ್ಟೇ ಕೇಳಿ, ದೂರಿನ ಧಾಟಿ ಬೇಡ, ಸೀದಾ ಡೀನ್ ಹತ್ತಿರ ಹೋಗುವುದಂತೂ ಬೇಡವೇ ಬೇಡ. ಈ ಸೆಮಿಸ್ಟರ್ ಮುಗಿಯುವವರೆಗೆ ನೋಡಿ. ಏನೂ ಬದಲಾಗದಿದ್ದರೆ ಬೇರೆ ಕಡೆ ಹುಡುಕಿ, ಆದರೆ ರಾಜೀನಾಮೆ ಬರೆಯುವ ಮುಂಚೆ ನಿಮ್ಮ ಒರಿಜಿನಲ್ ಅಂಕಪಟ್ಟಿ ಅವರ ಬೀರುವಿನಲ್ಲಿದ್ದರೆ ವಾಪಸ್ ತಗೊಂಡುಬಿಡಿ.