ಸಹಾಯ ಬೇಕು: ಕೋರ್ಟ್ ಆಫ್ ಅಪೀಲ್ ತನ್ನದೇ ತೀರ್ಪನ್ನು ಯಾವಾಗ ಬಿಡಬಹುದು?

ನಮಸ್ಕಾರ. ಇಂಗ್ಲೆಂಡಿನ ಕಾನೂನು ಓದುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸರಿ ಅನಿಸಿದಾಗ ತನ್ನ ಹಳೇ ತೀರ್ಪನ್ನು ಪಾಲಿಸದೆ ಬಿಡಬಹುದು ಅಂತ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1966ರಲ್ಲಿ ಹೇಳಿತು. 2009ರಲ್ಲಿ ಅದರ ಜಾಗಕ್ಕೆ ಬಂದ ಸುಪ್ರೀಂ ಕೋರ್ಟಿಗೂ ಈ ಅಧಿಕಾರ ಇದೆ. ಆದರೆ 1944ರ ಯಂಗ್ ವರ್ಸಸ್ ಬ್ರಿಸ್ಟಲ್ ಏರೋಪ್ಲೇನ್ ಕೇಸಿನ ಪ್ರಕಾರ, ಅದರ ಕೆಳಗಿನ ಮೇಲ್ಮನವಿ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ ತನ್ನ ತೀರ್ಪಿಗೆ ತಾನೇ ಬದ್ಧ. ಮೂರು ವಿನಾಯಿತಿ ಇವೆ. ತನ್ನವೇ ಎರಡು ತೀರ್ಪು ತಾಳೆಯಾಗದಿದ್ದರೆ ಒಂದನ್ನು ಆರಿಸಬಹುದು. ತನ್ನ ಹಳೇ ತೀರ್ಪು ಲಾರ್ಡ್ಸ್ ತೀರ್ಪಿಗೆ ಹೊಂದದಿದ್ದರೆ ಅದನ್ನು ಬಿಡಲೇಬೇಕು. ಇವೆರಡೂ ಸುಲಭ.

ಮೂರನೆಯದು ಪರ್ ಇನ್‌ಕ್ಯೂರಿಯಂ, ಅಂದರೆ ನೋಡಬೇಕಾದ್ದನ್ನು ನೋಡದೆ ಅಜಾಗರೂಕತೆಯಿಂದ ಕೊಟ್ಟ ತೀರ್ಪು. ಅನ್ವಯಿಸುವ ಕಾಯ್ದೆಯನ್ನೇ ನೋಡದೆ ತೀರ್ಪು ಕೊಟ್ಟಿದ್ದರೆ ಸರಿ, ಗೊತ್ತಾಗುತ್ತದೆ. ವಕೀಲರು ಒಂದು ಮುಖ್ಯ ವಾದ ಎತ್ತಲೇ ಇಲ್ಲ ಅಂದರೆ ಅದೂ ಇದರಲ್ಲಿ ಬರುತ್ತಾ? ನನಗಂತೂ ಬರಬಾರದು ಅನಿಸುತ್ತದೆ. ಇಲ್ಲದಿದ್ದರೆ ಯಾವ ತೀರ್ಪೂ ನಿಲ್ಲಲ್ಲ, ಅಲ್ವಾ? ಅಲ್ಲಿ ಓದಿದವರು, ಪ್ರಾಕ್ಟೀಸ್ ಮಾಡುತ್ತಿರುವವರು ಒಂದು ಕೇಸ್ ಹಿಡಿದು ಬಿಡಿಸಿ ಹೇಳಿದರೆ ತುಂಬಾ ಉಪಕಾರ.