ಬೇಸಿಗೆ ರಜೆಗೆ ಬೆಟ್ಟವೋ, ಕಡಲೋ?

ಪ್ರಶ್ನೆ:
ಆರು ದಿನ ರಜೆ. ಜೊತೆಗೆ ಇಬ್ಬರು ಚಿಕ್ಕ ಮಕ್ಕಳು, ಮಂಡಿನೋವಿರುವ ಹಿರಿಯರೊಬ್ಬರು. ತಂಪು ಬೇಕೆಂದರೆ ಬೆಟ್ಟವೇ ಆಗಬೇಕಾ, ಸಮುದ್ರ ತೀರವೂ ನಡೆಯುತ್ತಾ?

ಉತ್ತರ 1:
ಊರಿನ ಹೆಸರು ಬಿಡಿ, ಮೊದಲು ಎತ್ತರ ನೋಡಿ. 1000 ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಬಯಲಲ್ಲಿ 38 ಇದ್ದರೆ 1500 ಮೀಟರಿನಲ್ಲಿ 29ರ ಆಸುಪಾಸು. 500 ಮೀಟರಿನ ಗುಡ್ಡಕ್ಕೆ ಗಿರಿಧಾಮ ಅಂತ ಬೋರ್ಡು ಹಾಕಿದರೂ ಮಧ್ಯಾಹ್ನದ ಬೆವರು ತಪ್ಪಿದ್ದಲ್ಲ! ಹಾಗಂತ 2500 ಮೀಟರ್ ದಾಟುವುದೂ ಬೇಡ. ಅಲ್ಲಿಂದ ಮೇಲೆ ಆಮ್ಲಜನಕ ಕಡಿಮೆಯಾಗಿ ತಲೆನೋವು, ವಾಕರಿಕೆ ಶುರುವಾಗಬಹುದು. ಮೈ ಹೊಂದಿಕೊಳ್ಳುವಷ್ಟರಲ್ಲಿ ಎರಡು ದಿನ ಹೋಗಿರುತ್ತದೆ.

ಉತ್ತರ 2:
ಕಡಲತೀರಕ್ಕಾದರೆ ಬರೀ ಡಿಗ್ರಿ ನಂಬಬೇಡಿ, ತೇವಾಂಶವನ್ನೂ ನೋಡಿ. 32 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಬೆವರು ಆರುವುದೇ ಇಲ್ಲ, ಮೈಗೆ 40ರಂತೆ ಅನ್ನಿಸುತ್ತದೆ. ಬೆಳಿಗ್ಗೆ, ಸಂಜೆ ಮಾತ್ರ ಹೊರಗೆ ಎಂದುಕೊಂಡರೆ ಸರಿ.

ಉತ್ತರ 3:
ಮಂಡಿನೋವಿನ ಮಾತು ಯಾರೂ ಎತ್ತಲಿಲ್ಲ. ಬೆಟ್ಟದ ಹೋಟೆಲುಗಳು ಹೆಚ್ಚಾಗಿ ಇಳಿಜಾರಿನಲ್ಲೇ ಇರುತ್ತವೆ. ಕಾರು ನಿಲ್ಲುವ ಜಾಗದಿಂದ ಕೋಣೆಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯಾ ಎಂದು ಫೋನಿನಲ್ಲೇ ಕೇಳಿ. ಫೋಟೊದಲ್ಲಿ ಅದು ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ದಿನವಿಡೀ ಬರುತ್ತದಾ ಅನ್ನುವುದೂ ಕೇಳಬೇಕಾದದ್ದೇ. ಮಕ್ಕಳಿಗೆ ತಿರುವು ರಸ್ತೆಯಲ್ಲಿ ವಾಂತಿಯಾಗುತ್ತದೆ ಎಂದಾದರೆ ಕಿಟಕಿಯಾಚೆ ದೂರ ನೋಡಲು ಹೇಳಿ, ಮೊಬೈಲ್ ಕೊಡಬೇಡಿ. ಆರು ದಿನಕ್ಕೆ ಒಂದೇ ಊರು ಸಾಕು.