ಗ್ಲಿಯೊಬ್ಲಾಸ್ಟೊಮಾಕ್ಕೆ ಕಾರ್-ಟಿ ಚಿಕಿತ್ಸೆ: ಐದು ದಿನಗಳಲ್ಲಿ ಗೆಡ್ಡೆ ಕರಗಿದ್ದು ನಿಜವೇ?

ಪ್ರಶ್ನೆ: ಡಾಕ್ಟರೇ, ನನ್ನ ಅಣ್ಣನಿಗೆ ಗ್ಲಿಯೊಬ್ಲಾಸ್ಟೊಮಾ ಎಂಬ ಮೆದುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧ ಎಲ್ಲ ಮುಗಿದ ಮೇಲೂ ಗೆಡ್ಡೆ ಮತ್ತೆ ಕಾಣಿಸಿಕೊಂಡಿದೆ. ಅಮೆರಿಕದಲ್ಲಿ ಕಾರ್-ಟಿ ಪಡೆದ ಒಬ್ಬರ ಗೆಡ್ಡೆ ಐದೇ ದಿನಗಳಲ್ಲಿ ಬಹುತೇಕ ಮಾಯವಾಯಿತೆಂದು ಓದಿದೆ. ನಂಬಬಹುದೇ?

ಉತ್ತರ: ನೀವು ಓದಿದ್ದು ನಿಜ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಫಲಿತಾಂಶವದು. ಆದರೆ ಆ ವರದಿಯಲ್ಲಿದ್ದವರು ಮೂವರೇ. ಮೂವರಲ್ಲೂ ಗೆಡ್ಡೆ ಬೇಗನೆ ಕುಗ್ಗಿತು, ಇಬ್ಬರಲ್ಲಿ ಮತ್ತೆ ಬೆಳೆಯಿತು. ಒಬ್ಬರಲ್ಲಿ ಮಾತ್ರ ಪರಿಣಾಮ ಆರು ತಿಂಗಳಿಗೂ ಹೆಚ್ಚು ಉಳಿಯಿತು. ಸುದ್ದಿಗಳು ಕುಗ್ಗಿದ್ದನ್ನಷ್ಟೇ ಹೇಳಿ ಮರುಕಳಿಸಿದ್ದನ್ನು ಬಿಡುವುದು ನನಗೆ ನೋವಿನ ಸಂಗತಿ. ನಿಮ್ಮಂಥ ಕುಟುಂಬಕ್ಕೆ ಎರಡೂ ತಿಳಿದಿರಬೇಕು.

ರೋಗಿಯ ರಕ್ತದಿಂದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿರುವ ಒಂದು ಗುರುತನ್ನು ಹಿಡಿಯುವಂತೆ ಅವುಗಳ ವಂಶವಾಹಿಯನ್ನು ಮಾರ್ಪಡಿಸಿ ಮರಳಿ ಕೊಡುವುದೇ ಕಾರ್-ಟಿ. ಕೆಲವು ರಕ್ತ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಸಿಡಿ19 ಎಂಬ ಗುರುತಿರುತ್ತದೆ; ಅವುಗಳಿಗೆ ಈ ಚಿಕಿತ್ಸೆ ಕೊಡಲು ಅಮೆರಿಕದಲ್ಲಿ 2017ರಲ್ಲೇ ಅನುಮತಿ ದೊರೆಯಿತು. ಗ್ಲಿಯೊಬ್ಲಾಸ್ಟೊಮಾದಲ್ಲಿ ಒಂದೇ ಗೆಡ್ಡೆಯೊಳಗೆ ಬಗೆಬಗೆಯ ಕೋಶಗಳು. ಒಂದು ಗುರುತನ್ನು ಬೆನ್ನಟ್ಟಿದರೆ ಆ ಗುರುತಿಲ್ಲದವು ಉಳಿದು ಬೆಳೆಯುತ್ತವೆ. ಸಾಲದ್ದಕ್ಕೆ ಗೆಡ್ಡೆಯ ಸುತ್ತಲಿನ ವಾತಾವರಣವೇ ಟಿ ಕೋಶಗಳನ್ನು ದಣಿಸುತ್ತದೆ. ಆದ್ದರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಎರಡು ಗುರುತುಗಳನ್ನು ಒಟ್ಟಿಗೆ ಹಿಡಿಯುವ ಕೋಶಗಳನ್ನು ರೂಪಿಸಿ, ರಕ್ತನಾಳಕ್ಕೆ ಬದಲು ಮೆದುಳಿನ ದ್ರವಕ್ಕೇ ನೇರವಾಗಿ ಕೊಟ್ಟಿತು. ಮೊದಲ ಆರು ರೋಗಿಗಳಲ್ಲೂ ಆರಂಭದ ಸ್ಕ್ಯಾನ್‌ನಲ್ಲಿ ಗೆಡ್ಡೆ ಕುಗ್ಗಿತ್ತು. ಇದು ಭರವಸೆಯ ದಾರಿ ಎಂದೇ ನಾನು ನಂಬುತ್ತೇನೆ. ಆದರೆ ಸ್ಕ್ಯಾನ್‌ನಲ್ಲಿ ಕುಗ್ಗುವುದು ಬೇರೆ, ಆಯಸ್ಸು ಹೆಚ್ಚುವುದು ಬೇರೆ.

ಪ್ರಶ್ನೆ: ಇಂಥ ಚಿಕಿತ್ಸೆಯ ಪ್ರಯೋಗಕ್ಕೆ ಸೇರುವ ಮುನ್ನ ಏನು ಕೇಳಬೇಕು? ಮೆದುಳಿನ ಊತಕ್ಕೆ ಅಣ್ಣ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆ.

ಉತ್ತರ: ಆ ಔಷಧದ ವಿಷಯವನ್ನೇ ಮೊದಲು ಹೇಳಿ. ಸ್ಟೀರಾಯ್ಡ್ ಟಿ ಕೋಶಗಳ ಬಲ ತಗ್ಗಿಸುವುದರಿಂದ ಪ್ರಯೋಗಗಳು ಅದರ ಪ್ರಮಾಣಕ್ಕೆ ಮಿತಿ ಹಾಕುವುದುಂಟು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಊತ ಹೆಚ್ಚಿದರೆ ಜೀವಕ್ಕೇ ಅಪಾಯ.

ಮೊದಲ ಹಂತದ ಪ್ರಯೋಗದ ಮುಖ್ಯ ಉದ್ದೇಶ ಸುರಕ್ಷತೆ ಮತ್ತು ಸರಿಯಾದ ಪ್ರಮಾಣವನ್ನು ಅರಿಯುವುದು; ಅಣ್ಣನಿಗೂ ಇದು ಸ್ಪಷ್ಟವಾಗಿರಲಿ. ಜ್ವರ, ಗೊಂದಲ, ಮಂಪರು ಬರಬಹುದು. ತೀವ್ರ ನಿಗಾ ಘಟಕ ಹತ್ತಿರವಿದೆಯೇ ಎಂದು ಕೇಳಿ. ಕೋಶಗಳನ್ನು ಸಿದ್ಧಪಡಿಸಲು ವಾರಗಳೇ ಬೇಕು. ಅಷ್ಟರಲ್ಲಿ ಗೆಡ್ಡೆ ಬೆಳೆದರೆ ಏನು ಮಾಡುತ್ತಾರೆ ಎಂಬುದನ್ನೂ ಕೇಳಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ಮಾದರಿಯನ್ನು ಕಾಯ್ದಿರಿಸಲು ಆಸ್ಪತ್ರೆಗೆ ಇಂದೇ ತಿಳಿಸಿ. ಪ್ರಯೋಗದವರು ಹುಡುಕುವ ಗುರುತು ಅದರಲ್ಲಿದೆಯೇ ಎಂದು ಪರೀಕ್ಷಿಸಬೇಕಾಗಬಹುದು.